ಬೇಸಿಗೆಯಲ್ಲಿ ಹಾಲಿನ ಮೇಕೆಗೆ ಅಮೈನೋ ಆಮ್ಲ: ಡೋಸ್ ಜಾಸ್ತಿ ಮಾಡುವ ಮೊದಲು ಇದನ್ನು ಓದಿ

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆ. ಹದಿನಾಲ್ಕು ಆಡು ಹಾಲು ಕೊಡುತ್ತಿವೆ. ಜಮುನಾಪಾರಿ, ಬೀಟಲ್, ಜೊತೆಗೆ ಒಂದಷ್ಟು ಉಸ್ಮಾನಾಬಾದಿ ಮಿಶ್ರತಳಿ. ಫೆಬ್ರವರಿಯಲ್ಲಿ ದಿನಕ್ಕೆ 22 ಲೀಟರ್ ಬರುತ್ತಿತ್ತು, ಏಪ್ರಿಲ್ ಕೊನೆಗೆ 14ಕ್ಕೆ ಇಳಿದಿದೆ. ಮೇವು ಅಂದರೆ ಜೋಳದ ಕಣಿಕೆ, ಶೇಂಗಾ ಹೊಟ್ಟು. ಮಧ್ಯಾಹ್ನ ಮತ್ತು ಸಂಜೆ ಶೇಂಗಾ ಹಿಂಡಿ, ಗೋಧಿ ಬೂಸಾ, ಮೆಕ್ಕೆಜೋಳದ ನುಚ್ಚು. ಕೋಳಿ ಫೀಡ್ ಮಾರುವ ಅಂಗಡಿಯವರು "ಬಿಸಿಲಿಗೆ ಪ್ರೋಟೀನ್ ಸಾಲೋದಿಲ್ಲ" ಅಂತ ಮೆಥಿಯೋನಿನ್ ಪುಡಿ ಮತ್ತು ಒಂದು ಅಮೈನೋ ಆಸಿಡ್ ಟಾನಿಕ್ ಕೊಟ್ಟರು. ಪುಡಿಯನ್ನು ಬಿಸಿ ಗಂಜಿಯಲ್ಲಿ ಕಲಸಿ ಹತ್ತು ದಿನ ಕೊಟ್ಟೆ. ಏನೂ ಬದಲಾಗಲಿಲ್ಲ. ಡೋಸ್ ಜಾಸ್ತಿ ಮಾಡಲಾ? ಎರಡು ಆಡು ತುಂಬು ಗಬ್ಬ ಇವೆ, ಅವಕ್ಕೂ ಕೊಡಬಹುದಾ?

ಉತ್ತರ: ಡೋಸ್ ಜಾಸ್ತಿ ಮಾಡಬೇಡಿ. ಇವತ್ತಿನಿಂದಲೇ ಆ ಪುಡಿ ನಿಲ್ಲಿಸಿ. ನೀವು ತಪ್ಪು ಮಾಡಿದ್ರಿ ಅಂತ ಹೇಳುತ್ತಿಲ್ಲ. ಮೆಥಿಯೋನಿನ್ ಅಂದರೆ ಪ್ರೋಟೀನ್ ಕಟ್ಟಲು ಬೇಕಾದ ಅಮೈನೋ ಆಮ್ಲಗಳಲ್ಲಿ ಒಂದು. ಒಳ್ಳೆಯ ವಸ್ತುವೇ, ಕೋಳಿಗೆ ಅದಿಲ್ಲದೆ ನಡೆಯುವುದೇ ಇಲ್ಲ. ಆದರೆ ಮೇಕೆ ಕೋಳಿ ಅಲ್ಲ ಅಲ್ವಾ? ಕೋಳಿ ತಿಂದದ್ದು ಸೀದಾ ಕರುಳಿಗೆ ಹೋಗುತ್ತದೆ. ಮೇಕೆ ತಿಂದದ್ದು ಮೊದಲು ದೊಡ್ಡ ಹೊಟ್ಟೆಗೆ, ಅಂದರೆ ರೂಮೆನ್‌ಗೆ ಬೀಳುತ್ತದೆ. ಅಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಬಾಯಿ ತೆರೆದುಕೊಂಡು ಕೂತಿರುತ್ತವೆ. ನೀವು ಹಾಕಿದ ಬಿಳಿ ಪುಡಿ ಅವಕ್ಕೆ ಊಟ. ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಸ್ವಲ್ಪ ಅಮೋನಿಯಾವನ್ನು ತಾವೇ ಬಳಸಿಕೊಳ್ಳುತ್ತವೆ. ಮಿಕ್ಕಿದ್ದು ರಕ್ತಕ್ಕೆ ಸೇರಿ, ಲಿವರ್‌ನಲ್ಲಿ ಯೂರಿಯಾ ಆಗಿ, ಬಹುಪಾಲು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಕೆಚ್ಚಲಿಗೆ ತಲುಪುವುದು ತೀರಾ ಕಡಿಮೆ. ಹತ್ತು ದಿನ ಕೊಟ್ಟರೂ ಬದಲಾವಣೆ ಕಾಣದಿರಲು ಮುಖ್ಯ ಕಾರಣ ಇದೇ.

ಟಾನಿಕ್ ಲೆಕ್ಕ ಇನ್ನೂ ಸುಲಭ. ನೀವು ಕಳಿಸಿದ ಲೇಬಲ್ ಪ್ರಕಾರ 10 ಮಿ.ಲೀ.ನಲ್ಲಿ ಮೆಥಿಯೋನಿನ್ ಇರುವುದು 50 ಮಿಲಿಗ್ರಾಂ. ಮೇಕೆಯ ಒಂದು ಲೀಟರ್ ಹಾಲಿನಲ್ಲಿ ಸುಮಾರು 800 ಮಿಲಿಗ್ರಾಂ ಮೆಥಿಯೋನಿನ್ ಇರುತ್ತದೆ, ಲೈಸಿನ್ ಅನ್ನೋ ಇನ್ನೊಂದು ಅಮೈನೋ ಆಮ್ಲ ಅಂತೂ 2,900 ಮಿಲಿಗ್ರಾಂ ಹತ್ತಿರ. ಅಂದರೆ ಆ 10 ಮಿ.ಲೀ. ಒಂದು ಹನಿಯೂ ಹಾಳಾಗದೆ ಕೆಚ್ಚಲು ತಲುಪಿತು ಅಂದುಕೊಂಡರೂ ಅರ್ಧ ಲೋಟ ಹಾಲಿನ ಮೆಥಿಯೋನಿನ್ ಕೂಡ ಅದರಲ್ಲಿಲ್ಲ. ಅದರ ಮೇಲೆ ರೂಮೆನ್ ತನ್ನ ಪಾಲು ಕಿತ್ತುಕೊಳ್ಳುತ್ತದೆ. ಸುಸ್ತಾದ ಆಡಿಗೆ ಅದರಲ್ಲಿರುವ ವಿಟಮಿನ್ನು, ಉಪ್ಪಿನಂಶದಿಂದ ಒಂಚೂರು ಚೇತರಿಕೆ ಸಿಗಬಹುದು. ಹಾಲಿಗೆ ಅಂತ ಕೊಳ್ಳಬೇಡಿ.

ಹಾಗಾದರೆ ಅಮೈನೋ ಆಮ್ಲ ಮೇಕೆಗೆ ದಂಡವಾ? ಅಲ್ಲ. ಬಿಸಿಲಲ್ಲಿ ನಿಜವಾಗಿ ಏನಾಗುತ್ತದೆ ಅಂತ ನೋಡಿದರೆ ಎಲ್ಲಿ ಕೆಲಸಕ್ಕೆ ಬರುತ್ತದೆ ಅನ್ನೋದು ಗೊತ್ತಾಗುತ್ತದೆ.

ಮೇಕೆಗೆ ಸೆಖೆ ಆದಾಗ ಮೊದಲು ಬಿಡುವುದು ಊಟ. ರೂಮೆನ್ ಒಳಗೆ ಮೇವು ಹುಳಿಯುವಾಗ ಶಾಖ ಹುಟ್ಟುತ್ತದೆ, ಅದರಲ್ಲೂ ಕಣಿಕೆ, ಹೊಟ್ಟಿನಂಥ ಒರಟು ನಾರಿನಿಂದ ಜಾಸ್ತಿ. ಹೊರಗೆ 42 ಡಿಗ್ರಿ, ಒಳಗೆ ಇನ್ನೊಂದು ಒಲೆ. ಆ ಒಲೆಗೆ ಸೌದೆ ಹಾಕೋದನ್ನು ಅದು ತಾನಾಗಿಯೇ ಕಡಿಮೆ ಮಾಡುತ್ತದೆ. ಸ್ಪೇನ್‌ನ ಬಾರ್ಸಿಲೋನಾ ಸ್ವಾಯತ್ತ ವಿಶ್ವವಿದ್ಯಾಲಯದವರು ಮುರ್ಸಿಯಾನೊ-ಗ್ರನಾಡಿನಾ ಅನ್ನೋ ಹಾಲಿನ ತಳಿಯ ಮೇಲೆ ಮಾಡಿ 2013ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. ಹಗಲು 37 ಡಿಗ್ರಿ, ರಾತ್ರಿ 30 ಡಿಗ್ರಿಯಲ್ಲಿ ಇಟ್ಟ ಮೇಕೆಗಳು ಮೊದಲ ವಾರದಲ್ಲಿ ಸುಮಾರು 40% ಮೇವು ಬಿಟ್ಟವು, ಆಮೇಲೆ ನಿಧಾನಕ್ಕೆ ಸುಧಾರಿಸಿಕೊಂಡವು. ನೀರು ಕುಡಿಯುವುದು ಮುಕ್ಕಾಲು ಪಾಲಿನಷ್ಟು ಏರಿತು. ಇಲ್ಲೊಂದು ಮಾತು ಗಮನಿಸಿ. ಕರೆಯುವ ಕಾಲ ಮುಗಿಯುತ್ತಾ ಬಂದಿದ್ದ ಆ ಮೇಕೆಗಳಲ್ಲಿ ಹಾಲಿನ ಪ್ರಮಾಣ ಹೆಚ್ಚುಕಮ್ಮಿ ಹಾಗೇ ಉಳಿಯಿತು. ಇಳಿದದ್ದು ಹಾಲಿನ ಪ್ರೋಟೀನ್, ಸುಮಾರು 12%.

ಪ್ರೋಟೀನ್ ಇಳಿಯಲು ಕಾರಣ ಬರೀ ಕಡಿಮೆ ತಿನ್ನುವುದಲ್ಲ. ಸೆಖೆಯಲ್ಲಿ ಮೈ ತನ್ನ ಕೊಬ್ಬನ್ನು ಸುಲಭವಾಗಿ ಕರಗಿಸಿ ಬಳಸಿಕೊಳ್ಳುವುದಿಲ್ಲ, ಅದರ ಬದಲು ಅಮೈನೋ ಆಮ್ಲವನ್ನೇ ಸಕ್ಕರೆಯಾಗಿ ಮಾಡಿ ಉರಿಸುತ್ತದೆ. ಜೊತೆಗೆ ರಕ್ತ ಮೈ ತಣಿಸಲು ಚರ್ಮದ ಕಡೆ ಹೋಗುತ್ತದೆ, ಕರುಳಿಗೆ ಕಡಿಮೆಯಾಗುತ್ತದೆ, ಕರುಳಿನ ಒಳಪದರ ಸೊರಗುತ್ತದೆ. ಅದನ್ನು ರಿಪೇರಿ ಮಾಡಲೂ ಅಮೈನೋ ಆಮ್ಲ ಬೇಕು. ಸೆಖೆಯಿಂದ ಜೀವಕೋಶಕ್ಕೆ ಆಗುವ ಹಾನಿ ತಡೆಯಲು ಗ್ಲುಟಾಥಯೋನ್ ಅನ್ನೋ ವಸ್ತು ಬೇಕು, ಅದಕ್ಕೆ ಬೇಕಾದ ಸಿಸ್ಟೀನ್ ಅನ್ನೋ ಅಮೈನೋ ಆಮ್ಲ ಮೆಥಿಯೋನಿನ್‌ನಿಂದಲೇ ತಯಾರಾಗುತ್ತದೆ. ಹೀಗೆ ಎಲ್ಲ ಕಡೆಯಿಂದ ಎಳೆದಾಟ ನಡೆದು, ಕೆಚ್ಚಲಿಗೆ ಉಳಿಯುವುದು ಕಡಿಮೆ. ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ ಅನ್ನೋದು ಇದಕ್ಕೇ.

ಉಳಿದರ್ಧದಲ್ಲೇ ತೊಂದರೆ. ಪ್ರೋಟೀನ್ ಸಾಲದು ಅಂತ ಹಿಂಡಿ ಸುರಿದರೆ ಬಿಸಿಲಲ್ಲಿ ಕೆಡುಕೇ ಜಾಸ್ತಿ. ಶೇಂಗಾ ಹಿಂಡಿಯ ಪ್ರೋಟೀನ್ ಬಹುಪಾಲು ರೂಮೆನ್‌ನಲ್ಲೇ ಕರಗುತ್ತದೆ. ಹೆಚ್ಚಾದ ಅಮೋನಿಯಾವನ್ನು ಯೂರಿಯಾ ಮಾಡಿ ಹೊರಹಾಕಲು ಮೇಕೆ ಶಕ್ತಿ ಖರ್ಚು ಮಾಡಬೇಕು, ಆ ಕೆಲಸದಲ್ಲಿ ಮತ್ತೆ ಶಾಖ ಹುಟ್ಟುತ್ತದೆ, ಮೂತ್ರಕ್ಕೆ ನೀರೂ ಹೋಗುತ್ತದೆ. ನನ್ನ ಮಾತು ಇಷ್ಟೇ: ಬೇಸಿಗೆಯಲ್ಲಿ ಪ್ರೋಟೀನ್ ಎಷ್ಟು ಹಾಕಿದಿರಿ ಅನ್ನೋದಕ್ಕಿಂತ ಅದು ಎಲ್ಲಿಗೆ ಹೋಗಿ ಮುಟ್ಟಿತು ಅನ್ನೋದು ಮುಖ್ಯ. ಕರುಳಿಗೆ ಮುಟ್ಟಿಸಲು ಎರಡು ದಾರಿ. ಒಂದು, ರೂಮೆನ್‌ನಲ್ಲಿ ಒಡೆಯದಂತೆ ಹೊದಿಕೆ ಹಾಕಿದ ಅಮೈನೋ ಆಮ್ಲ. ಇನ್ನೊಂದು, ಆ ಸೂಕ್ಷ್ಮಜೀವಿಗಳನ್ನೇ ಚೆನ್ನಾಗಿ ಸಾಕುವುದು. ಎರಡನೆಯದು ಅಗ್ಗ, ನಿಮ್ಮ ಮಂದೆಗೆ ಅದೇ ಮೊದಲು ಬೇಕು.

ಯಾಕೆ ಅಂತ ಹೇಳುತ್ತೇನೆ. ಮೇಕೆಯ ಕರುಳಿಗೆ ಸಿಗುವ ಅಮೈನೋ ಆಮ್ಲದಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಆ ಸೂಕ್ಷ್ಮಜೀವಿಗಳ ಮೈಯಿಂದಲೇ. ಅವು ರೂಮೆನ್‌ನಲ್ಲಿ ಬೆಳೆದು, ಮೇವಿನ ಜೊತೆ ಮುಂದೆ ಹರಿದು, ಕೊನೆಯ ಹೊಟ್ಟೆಯಲ್ಲಿ ಜೀರ್ಣವಾಗುತ್ತವೆ. ಅವುಗಳ ಪ್ರೋಟೀನ್ ಯಾವ ಹಿಂಡಿಗಿಂತಲೂ ಹಾಲಿನ ಪ್ರೋಟೀನ್‌ಗೆ ಹತ್ತಿರ. ಮೆಥಿಯೋನಿನ್ ಅನ್ನೂ ಅವೇ ತಯಾರಿಸಿಕೊಳ್ಳುತ್ತವೆ, ಗಂಧಕ ಸಿಕ್ಕರೆ ಸಾಕು. ನಿಮ್ಮದು ಜೋಳದ ಸೀಮೆ, ಹಸಿರು ಜೋಳವನ್ನೂ ಆಗಾಗ ಹಾಕುತ್ತೀರಿ ಅಂದುಕೊಳ್ಳುತ್ತೇನೆ. ಜೋಳದಲ್ಲಿರುವ ಸಯನೈಡ್ ಅಂಶವನ್ನು ಮೈಯಿಂದ ಕಳೆಯಲು ಗಂಧಕ ಖರ್ಚಾಗುತ್ತದೆ. ಅದಕ್ಕೇ ಗಂಧಕ ಇರುವ ಖನಿಜ ಮಿಶ್ರಣವನ್ನು ಒಂದೊಂದು ಆಡಿಗೆ ದಿನಕ್ಕೆ 10ರಿಂದ 15 ಗ್ರಾಂ ತಪ್ಪದೆ ಹಾಕಿ. ಬಿಡಿ ಗಂಧಕ ಸುರಿಯಬೇಡಿ, ಜಾಸ್ತಿಯಾದರೆ ಮೆದುಳಿಗೇ ಪೆಟ್ಟು ಬೀಳುತ್ತದೆ. ಮಳೆ ಇಲ್ಲದೆ ಬಾಡಿದ ಎಳೆ ಜೋಳವನ್ನಂತೂ ಮುಟ್ಟಿಸಲೇಬೇಡಿ, ಅದರಲ್ಲಿ ಸಯನೈಡ್ ಆಡು ಸಾಯುವಷ್ಟು ಇರಬಹುದು.

ಈಗ ನಿಮ್ಮ 22 ಲೀಟರ್ 14 ಆದ ವಿಷಯ. ಇದು ಮೂರನೇ ಒಂದಕ್ಕಿಂತ ಜಾಸ್ತಿ ಇಳಿಕೆ. ಬಿಸಿಲೊಂದೇ ಇಷ್ಟು ಇಳಿಸಿತು ಅಂತ ನನಗೆ ಅನ್ನಿಸುವುದಿಲ್ಲ. ಆಡುಗಳು ಯಾವ ತಿಂಗಳಲ್ಲಿ ಮರಿ ಹಾಕಿವೆ? ಅಕ್ಟೋಬರ್‌ನಲ್ಲಿ ಹಾಕಿದ್ದರೆ ಏಪ್ರಿಲ್‌ಗೆ ಆರು ತಿಂಗಳು ದಾಟಿತು, ಅವು ಯಾವ ಬಿಸಿಲೂ ಇಲ್ಲದೆಯೇ ಬತ್ತುತ್ತಾ ಬರುತ್ತವೆ. ಅದನ್ನು ಯಾವ ಪುಡಿಯೂ ತಿರುಗಿಸುವುದಿಲ್ಲ. ಕೆಚ್ಚಲು ಬಾವು ಇದೆಯಾ ನೋಡಿ. ಮೊದಲ ಎರಡು ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ, ಹೆಪ್ಪಿನಂಥ ಚೂರು ಕಂಡರೆ ಅದಕ್ಕೆ ಔಷಧ ಬೇರೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಬಿಳಚಿಕೊಂಡಿದ್ದರೆ ಜಂತುಹುಳದ ಕಡೆ ಗಮನ ಹೋಗಬೇಕು. ಇವನ್ನೆಲ್ಲ ಬದಿಗಿಟ್ಟ ಮೇಲೆ ಉಳಿದದ್ದು ಬಿಸಿಲಿನ ಪಾಲು.

ಆ ಪಾಲನ್ನು ಅಳೆಯುವುದು ಕಷ್ಟವಲ್ಲ. ಮಧ್ಯಾಹ್ನ ಎರಡೂವರೆಗೆ ದೊಡ್ಡಿಗೆ ಹೋಗಿ ಆಡುಗಳನ್ನು ಎಬ್ಬಿಸದೆ ಸುಮ್ನೆ ನಿಂತುಕೊಳ್ಳಿ. ಒಂದು ಆಡಿನ ಪಕ್ಕೆ ನೋಡಿ. ಹದಿನೈದು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಣಿಸಿ, ನಾಲ್ಕರಿಂದ ಗುಣಿಸಿ. ಆರಾಮಾಗಿದ್ದಾಗ ನಿಮಿಷಕ್ಕೆ 15ರಿಂದ 30 ಇರಬೇಕು. 80 ದಾಟಿದರೆ ಅದಕ್ಕೆ ನಿಜವಾಗಿ ಕಷ್ಟವಾಗುತ್ತಿದೆ. ಬಾಯಿ ತೆರೆದು, ನಾಲಿಗೆ ಹೊರಗೆ ಹಾಕಿ, ಕತ್ತು ಮುಂದೆ ಚಾಚಿ ತೇಕುತ್ತಿದ್ದರೆ ಎಣಿಸುತ್ತಾ ಕೂರಬೇಡಿ, ನೆರಳಿಗೆ ತಂದು ನೀರು ಕೊಡಿ. ಮೈ ಬಿಸಿ 38.5ರಿಂದ 39.5 ಡಿಗ್ರಿ ಸೆಲ್ಸಿಯಸ್ ಮಾಮೂಲು, 40.5 ಮೀರಿದರೆ ಡಾಕ್ಟರಿಗೆ ಫೋನ್ ಮಾಡಿ. ಬೆಳಗಿನ ಜಾವ ಐದಕ್ಕೂ ಒಮ್ಮೆ ಉಸಿರು ಎಣಿಸಿ. ಆಗಲೂ 50, 60 ಇದ್ದರೆ ರಾತ್ರಿ ಮೈ ತಣಿದಿಲ್ಲ ಅಂತ ಅರ್ಥ, ಹಗಲಿನ ಸೆಖೆಗಿಂತ ಅದು ಜಾಸ್ತಿ ಹೈರಾಣ ಮಾಡುತ್ತದೆ. ನಮ್ಮ ತಳಿಗಳಲ್ಲೂ ಸೆಖೆ ತಡೆಯುವ ಶಕ್ತಿ ಒಂದೇ ಥರ ಇರುವುದಿಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಉಸ್ಮಾನಾಬಾದಿ, ಮಲಬಾರಿ, ಸೇಲಂ ಕಪ್ಪು ಮೇಕೆಗಳನ್ನು ಬಿಸಿಲಲ್ಲಿಟ್ಟು ಹೋಲಿಸಿದಾಗ ಸೇಲಂ ಕಪ್ಪು ಚೆನ್ನಾಗಿ ತಡೆದುಕೊಂಡಿತ್ತು. ನಿಮ್ಮ ಮಂದೆಯೊಳಗೂ ಯಾವುದು ಜಾಸ್ತಿ ತೇಕುತ್ತದೆ, ಯಾವುದು ಆರಾಮಾಗಿ ಮೆಲುಕು ಹಾಕುತ್ತದೆ ಅಂತ ಬರೆದಿಡಿ, ಮುಂದೆ ಯಾವ ಮರಿ ಉಳಿಸಿಕೊಳ್ಳಬೇಕು ಅನ್ನೋದಕ್ಕೆ ಅದು ಉಪಯೋಗಕ್ಕೆ ಬರುತ್ತದೆ.

ನೀರಿನ ಬಗ್ಗೆ ನೀವು ಏನೂ ಬರೆದಿಲ್ಲ, ನೀವು ಕಳಿಸಿದ ಫೋಟೋದಲ್ಲಿ ಕಂಡದ್ದನ್ನು ಹೇಳುತ್ತೇನೆ. ಗೇಟಿನ ಪಕ್ಕ, ಬಿಸಿಲಲ್ಲಿ, ಕಪ್ಪು ಪ್ಲಾಸ್ಟಿಕ್ ಟಬ್. ಮಧ್ಯಾಹ್ನ ಅದರೊಳಗೆ ಕೈ ಹಾಕಿ ನೋಡಿ. ಸ್ನಾನಕ್ಕೆ ಕಾಯಿಸಿದ ನೀರಿನ ಥರ ಇರುತ್ತದೆ. ಹಾಲು ಕೊಡುವ ಆಡು ಕಡು ಬೇಸಿಗೆಯಲ್ಲಿ ದಿನಕ್ಕೆ ಏಳೆಂಟು ಲೀಟರ್ ಕುಡಿಯುತ್ತದೆ, ಆದರೆ ಬಿಸಿ ನೀರನ್ನಲ್ಲ, ಹಿಕ್ಕೆ ಬಿದ್ದ ನೀರನ್ನಂತೂ ಅಲ್ಲವೇ ಅಲ್ಲ. ಟಬ್ಬನ್ನು ಶೆಡ್ ಒಳಗೆ ತನ್ನಿ. ಒಂದರ ಬದಲು ಮೂರು ಇಡಿ, ಯಾಕೆಂದರೆ ಜೋರಿನ ಜಮುನಾಪಾರಿಯೊಂದು ಟಬ್ಬಿಗೆ ಅಡ್ಡ ನಿಂತರೆ ಮಿಕ್ಕವು ಹತ್ತಿರ ಬರುವುದಿಲ್ಲ. ಮಣ್ಣಿನ ಬಾನಿ ಸಿಕ್ಕರೆ ಇನ್ನೂ ಒಳ್ಳೆಯದು. ಶೆಡ್ ಮೇಲೆ ತಗಡು ಇದೆ. ತಗಡಿನ ಮೇಲೆ ಸುಣ್ಣ ಬಳಿದು ಜೋಳದ ದಂಟು ಅಥವಾ ಹುಲ್ಲು ಹರವಿ. ಬದಿಗಳಿಗೆ ಗೋಣಿ ಕಟ್ಟಿ ಮಧ್ಯಾಹ್ನ ನೆನೆಸಿ, ರಾಯಚೂರಿನ ಒಣ ಗಾಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರು, ಉಡುಪಿ ಕಡೆಯವರು ಇದನ್ನು ಓದುತ್ತಿದ್ದರೆ ಗೋಣಿ ನೆನೆಸಬೇಡಿ. ನಿಮ್ಮಲ್ಲಿ 33 ಡಿಗ್ರಿ ಇದ್ದರೂ ಗಾಳಿಯಲ್ಲೇ ತೇವ ತುಂಬಿರುತ್ತದೆ, ನಿಮಗೆ ಬೇಕಾದದ್ದು ಗಾಳಿ ಓಡಾಟ.

ಊಟದ ಹೊತ್ತು ಬದಲಿಸಿ. ತಿಂದ ಮೂರರಿಂದ ಐದು ಗಂಟೆಯ ಮೇಲೆ ರೂಮೆನ್ ಶಾಖ ಏರುತ್ತದೆ. ನೀವು ಮಧ್ಯಾಹ್ನ ಹನ್ನೆರಡಕ್ಕೆ ಹಾಕಿದ್ದು ಮೂರು ಗಂಟೆಗೆ, ಬಿಸಿಲು ನೆತ್ತಿ ಸುಡುವಾಗಲೇ ಬಿಸಿಯಾಗುತ್ತದೆ. ಬೆಳಗ್ಗೆ ಐದೂವರೆ ಒಳಗೆ ಒಂದು ಸಲ, ಸಂಜೆ ಆರೂವರೆ ಮೇಲೆ ಒಂದು ಸಲ ಹಾಕಿ. ಒಣ ಕಣಿಕೆಯನ್ನು ರಾತ್ರಿಗೇ ಇಡಿ, ಬೆಳದಿಂಗಳಲ್ಲಿ ತಿನ್ನಲಿ. ಹಗಲಿಗೆ ಸೊಪ್ಪು. ನುಗ್ಗೆ, ಅಗಸೆ, ಗ್ಲಿರಿಸೀಡಿಯಾ, ಇದ್ದರೆ ಸುಬಾಬುಲ್, ಆದರೆ ಸುಬಾಬುಲ್ ಒಟ್ಟು ಮೇವಿನ ಮೂರನೇ ಒಂದು ಪಾಲು ದಾಟದಿರಲಿ. ಕರಿಜಾಲಿಯ ಕಾಯಿ, ಸೊಪ್ಪಿನ ಬಗ್ಗೆ ಒಂದು ಮಾತು. ಅದರಲ್ಲಿರುವ ಒಗರು, ಅಂದರೆ ಟ್ಯಾನಿನ್, ಪ್ರೋಟೀನನ್ನು ಹಿಡಿದುಕೊಂಡು ರೂಮೆನ್‌ನಲ್ಲಿ ಒಡೆಯದಂತೆ ತಡೆಯುತ್ತದೆ, ಮುಂದಿನ ಹುಳಿ ಹೊಟ್ಟೆಯಲ್ಲಿ ಬಿಟ್ಟುಕೊಡುತ್ತದೆ. ಕುರಿಗಾರರು ಬೇಸಿಗೆಯಲ್ಲಿ ಜಾಲಿ ಮರ ಬಡಿದು ಕಾಯಿ ಉದುರಿಸಿ ತಿನ್ನಿಸುವುದನ್ನು ನೋಡಿರುತ್ತೀರಿ. ಹೊದಿಕೆ ಹಾಕಿದ ಅಮೈನೋ ಆಮ್ಲ ಮಾಡುವ ಕೆಲಸವನ್ನೇ ಅದು ಬೇರೆ ಥರ, ಕಾಸಿಲ್ಲದೆ ಮಾಡುತ್ತದೆ. ಒಂದೆರಡು ಹಿಡಿ ಸಾಕು. ಅದನ್ನೇ ಹೊಟ್ಟೆ ತುಂಬ ಕೊಟ್ಟರೆ ಹಿಕ್ಕೆ ಗಟ್ಟಿಯಾಗಿ ಹಸಿವೇ ಸತ್ತುಹೋಗುತ್ತದೆ.

ಹಿಂಡಿಗೆ ಬರೋಣ. ಪೂರ್ತಿ ಶೇಂಗಾ ಹಿಂಡಿ ಮೇಲೆ ನಿಂತಿದ್ದೀರಿ, ಅದರಲ್ಲಿ ಮೆಥಿಯೋನಿನ್ನೂ ಕಡಿಮೆ, ಲೈಸಿನ್ನೂ ಕಡಿಮೆ. ಬೂಷ್ಟು ಹಿಡಿದರೆ ಅಫ್ಲಟಾಕ್ಸಿನ್ ಅನ್ನೋ ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ. ಅರ್ಧದಷ್ಟು ತೆಗೆದು ಹತ್ತಿಕಾಳು ಹಿಂಡಿ ಹಾಕಿ, ಅದರ ಪ್ರೋಟೀನ್ ರೂಮೆನ್ ದಾಟಿ ಹೋಗುವುದು ಜಾಸ್ತಿ. ಮರಿಗಳಿಗೆ ಮಾತ್ರ ಹತ್ತಿಕಾಳು ಹಿಂಡಿ ಬೇಡ, ಹೋತಕ್ಕೂ ಕಡಿಮೆ ಇರಲಿ, ಅದರಲ್ಲಿ ಗಾಸಿಪಾಲ್ ಅನ್ನೋ ವಿಷದಂಶ ಇದೆ. ಎಳ್ಳು ಹಿಂಡಿ, ಸೂರ್ಯಕಾಂತಿ ಹಿಂಡಿಯಲ್ಲಿ ಮೆಥಿಯೋನಿನ್ ಚೆನ್ನಾಗಿದೆ, ಸೋಯಾದಲ್ಲಿ ಲೈಸಿನ್ ಚೆನ್ನಾಗಿದೆ. ಸೋಯಾ ಕಾಳನ್ನು ಹದವಾಗಿ ಹುರಿದು ನುಚ್ಚು ಮಾಡಿ ಹಾಕಿದರೆ ಅದರ ಪ್ರೋಟೀನ್ ರೂಮೆನ್‌ನಲ್ಲಿ ಕರಗುವುದು ಕಡಿಮೆಯಾಗುತ್ತದೆ. ಕರಕಲು ಮಾಡಿಬಿಡಬೇಡಿ, ಸುಟ್ಟರೆ ಲೈಸಿನ್ ಹಾಳು. ಒಂದು ಲೀಟರ್ ಹಾಲಿಗೆ 300ರಿಂದ 400 ಗ್ರಾಂ ಮಿಶ್ರಣ, ಅದರಲ್ಲಿ 16% ಸುತ್ತ ಪ್ರೋಟೀನ್ ಇದ್ದರೆ ಸಾಕು. ಆಡು ಮೇವು ಬಿಟ್ಟಿತು ಅಂತ ನುಚ್ಚು ಜಾಸ್ತಿ ಮಾಡುವುದು ಬೇಸಿಗೆಯ ದೊಡ್ಡ ಅಪಾಯ. ತೇಕಿ ತೇಕಿ, ಜೊಲ್ಲು ಸುರಿಸಿ, ಹೊಟ್ಟೆಯ ಹುಳಿ ತಗ್ಗಿಸುವ ಬೈಕಾರ್ಬೊನೇಟ್ ಮೈಯಲ್ಲಿ ಆಗಲೇ ಕಡಿಮೆಯಾಗಿರುತ್ತದೆ. ಅದರ ಮೇಲೆ ನುಚ್ಚು ಬಿದ್ದರೆ ಹೊಟ್ಟೆ ಹುಳಿಯಾಗುತ್ತದೆ, ಸೂಕ್ಷ್ಮಜೀವಿಗಳು ಸಾಯುತ್ತವೆ, ನಿಮ್ಮ ಅಗ್ಗದ ಅಮೈನೋ ಆಮ್ಲದ ಕಾರ್ಖಾನೆಯೇ ಮುಚ್ಚುತ್ತದೆ. ಒಂದೊಂದು ಆಡಿಗೆ ಅಡುಗೆ ಸೋಡಾ ದಿನಕ್ಕೆ 8ರಿಂದ 10 ಗ್ರಾಂ, ಉಪ್ಪು ಅಷ್ಟೇ, ಎರಡು ಹೊತ್ತಿಗೆ ಹಂಚಿ ಹಾಕಿ. ಇನ್ನೊಂದು, ಹಸುವಿನ ಪಶು ಆಹಾರದ ಚೀಲದ ಮೇಲೆ ಯೂರಿಯಾ ಅಂತ ಬರೆದಿದ್ದರೆ ಬಿಸಿಲಲ್ಲಿ ಊಟ ಬಿಟ್ಟ ಆಡಿಗೆ ಅದು ಬೇಡ. ಕೋಳಿ ಫೀಡ್ ಅಂತೂ ಯಾವ ಕಾಲಕ್ಕೂ ಬೇಡ.

ಇಷ್ಟು ಮಾಡಿ ಮೂರು ವಾರ ಕಾಯಿರಿ. ಆಮೇಲೂ ನಿಮ್ಮಲ್ಲಿ ದಿನಕ್ಕೆ ಎರಡೂವರೆ, ಮೂರು ಲೀಟರ್ ಕೊಡುವ, ಮರಿ ಹಾಕಿ ಎರಡು ಮೂರು ತಿಂಗಳಷ್ಟೇ ಆದ ಆಡು ಇದ್ದರೆ, ಅವಕ್ಕೆ ಮಾತ್ರ ಹೊದಿಕೆ ಹಾಕಿದ ಮೆಥಿಯೋನಿನ್ ಬಗ್ಗೆ ಯೋಚಿಸಿ. ಸಾನೆನ್ ಅನ್ನೋ ವಿದೇಶಿ ಹಾಲಿನ ತಳಿ ಅಥವಾ ಅದರ ಮಿಶ್ರತಳಿ ಸಾಕುವವರಿಗೆ ಈ ಮಾತು ಜಾಸ್ತಿ ಅನ್ವಯ. ಒಂದು ಲೀಟರ್ ಕೊಡುವ ಆಡಿಗೆ ಇದಕ್ಕೆ ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ, ಅದಕ್ಕೆ ಬೇಕಾದ್ದನ್ನು ರೂಮೆನ್ ತಾನೇ ಒದಗಿಸಬಲ್ಲದು.

ಹೊದಿಕೆ ಅಂದರೆ ಸಣ್ಣ ಗುಳಿಗೆ, ಸಾಸಿವೆಗಿಂತ ಸ್ವಲ್ಪ ದಪ್ಪ. ಒಳಗೆ ಮೆಥಿಯೋನಿನ್, ಹೊರಗೆ ಗಟ್ಟಿ ಕೊಬ್ಬಿನ ಪದರ, ಅಥವಾ ಹುಳಿ ತಾಗಿದಾಗ ಮಾತ್ರ ಕರಗುವ ಪಾಲಿಮರ್ ಪದರ. ರೂಮೆನ್‌ನಲ್ಲಿ ಅಷ್ಟು ಹುಳಿ ಇರುವುದಿಲ್ಲ, ಕೊನೆಯ ಹೊಟ್ಟೆಯಲ್ಲಿ ಇರುತ್ತದೆ. ಅಲ್ಲಿ ಬಿಚ್ಚಿಕೊಳ್ಳುತ್ತದೆ. ಇಷ್ಟು ಉಪಾಯದ ವಸ್ತುವನ್ನು ನಾವು ಕೈಯಾರೆ ಹಾಳು ಮಾಡುವುದನ್ನು ನೋಡಿದರೆ ಸಂಕಟವಾಗುತ್ತದೆ. ಚಿತ್ರದುರ್ಗ ಕಡೆ ಒಂದು ಮೇಕೆ ಫಾರ್ಮಿಗೆ ಹೋಗಿದ್ದೆ. ಮೂರು ತಿಂಗಳಿಂದ ಕೊಡುತ್ತಿದ್ದೇವೆ, ಗುಣ ಇಲ್ಲ ಅಂದರು. ಹೇಗೆ ಕೊಡ್ತೀರಿ ತೋರಿಸಿ ಅಂದೆ. ಮನೆಯಾಕೆ ಡಬ್ಬಿಯಿಂದ ಎರಡು ಚಮಚ ಗುಳಿಗೆ ತೆಗೆದು ಮಿಕ್ಸಿ ಜಾರಿಗೆ ಹಾಕಿ, ಬೂಸಾದ ಜೊತೆ ಸಮವಾಗಿ ಬೆರೆಯಲಿ ಅಂತ ನುಣ್ಣಗೆ ಪುಡಿ ಮಾಡಿದರು. ಮುಚ್ಚಳ ತೆಗೆದ ಕೂಡಲೇ ಕೊಳೆತ ಎಲೆಕೋಸಿನ ವಾಸನೆ ಮುಖಕ್ಕೆ ಬಡಿಯಿತು. ಆ ವಾಸನೆ ಮೆಥಿಯೋನಿನ್‌ನಲ್ಲಿರುವ ಗಂಧಕದ್ದು. ಗುಳಿಗೆ ಇಡಿಯಾಗಿದ್ದರೆ ವಾಸನೆ ಅಷ್ಟು ಬರುವುದಿಲ್ಲ. ಬಂತು ಅಂದರೆ ಪದರ ಒಡೆದಿದೆ. ಅವರು ಎಷ್ಟು ಅಕ್ಕರೆಯಿಂದ ಆ ಕೆಲಸ ಮಾಡುತ್ತಿದ್ದರೆಂದರೆ ನನಗೆ ಹೇಳಲು ಬಾಯಿ ಬರಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಹೇಳಿದೆ. ಡಬ್ಬಿ ಮಾರಿದವರು ಅವರಿಗೆ ಈ ಒಂದು ಮಾತು ಹೇಳಿರಲಿಲ್ಲ.

ಹಾಗಾಗಿ ಗುಳಿಗೆ ಅರೆಯಬೇಡಿ, ಬಿಸಿ ಗಂಜಿಗೆ ಹಾಕಬೇಡಿ, ರಾತ್ರಿ ನೆನೆಹಾಕಿದ ಹಿಂಡಿಗೂ ಸೇರಿಸಬೇಡಿ. ತಣ್ಣಗಿನ, ಒಣ ಮಿಶ್ರಣದ ಮೇಲೆ ಉದುರಿಸಿ ಕೈಯಿಂದ ತಿರುವಿ. ಡಬ್ಬಿಯನ್ನು ತಗಡಿನ ಕೆಳಗೆ ಇಡಬೇಡಿ, ಮೇ ತಿಂಗಳಲ್ಲಿ ಕೊಬ್ಬಿನ ಪದರ ಡಬ್ಬಿಯಲ್ಲೇ ಮೆತ್ತಗಾಗಿಬಿಡುತ್ತದೆ. ಕೊಳ್ಳುವಾಗ ಅನುಮಾನ ಬಂದರೆ ಒಂದು ಗ್ರಾಂನಷ್ಟನ್ನು ಒಂದು ಲೋಟ ನೀರಿಗೆ ಹಾಕಿ ಕಲಕಿ. ಬರೀ ಮೆಥಿಯೋನಿನ್ ಆದರೆ ಸ್ವಲ್ಪ ಹೊತ್ತಿಗೆ ಕರಗಿಹೋಗುತ್ತದೆ, ಲೈಸಿನ್ ಇನ್ನೂ ಬೇಗ. ಹೊದಿಕೆಯ ಗುಳಿಗೆ ಹಾಗೇ ಉಳಿಯಬೇಕು. ಉಳಿದರೆ ರೂಮೆನ್‌ನಲ್ಲೂ ಉಳಿಯುತ್ತದೆ ಅಂತ ಖಾತ್ರಿ ಇಲ್ಲ, ಆದರೆ ಲೋಟದಲ್ಲೇ ಕರಗಿದ್ದು ಅಲ್ಲಿ ಉಳಿಯುವುದಿಲ್ಲ ಅನ್ನೋದು ಖಾತ್ರಿ.

ಎಷ್ಟು ಕೊಡಬೇಕು? ಮೂರು ಲೀಟರ್ ಕೊಡುವ ಆಡಿನ ಹಾಲಿನಲ್ಲಿ ದಿನಕ್ಕೆ ಹೋಗುವ ಮೆಥಿಯೋನಿನ್ನೇ ಸುಮಾರು 2.4 ಗ್ರಾಂ. ಹೆಚ್ಚಿನ ಪಾಲು ಮೇವಿನಿಂದ ಬರುತ್ತಲೇ ಇದೆ. ಹಾಗಾಗಿ ಕರುಳಿಗೆ ಮುಟ್ಟುವಂತೆ ಒಂದರಿಂದ ಎರಡು ಗ್ರಾಂ ಮೇಲೆ ಸೇರಿಸಿದರೆ ಧಾರಾಳ. ಗುಳಿಗೆಯಲ್ಲಿ 75% ಮೆಥಿಯೋನಿನ್ ಇದ್ದು, ಅದರಲ್ಲಿ 80% ರೂಮೆನ್ ದಾಟುತ್ತದೆ ಅಂತ ಲೇಬಲ್ ಹೇಳಿದರೆ, 3 ಗ್ರಾಂ ಗುಳಿಗೆಗೆ 1.8 ಗ್ರಾಂ ಸಿಕ್ಕಂತೆ. ಅಲ್ಲಿಗೆ ನಿಲ್ಲಿಸಿ. ಅಮೈನೋ ಆಮ್ಲಗಳಲ್ಲಿ ಜಾಸ್ತಿಯಾದರೆ ಅತಿ ಬೇಗ ತೊಂದರೆ ಕೊಡುವುದು ಮೆಥಿಯೋನಿನ್ನೇ, ಮೊದಲು ಹಸಿವು ಕಟ್ಟುತ್ತದೆ. ಬಿಸಿಲಲ್ಲಿ ಮೊದಲೇ ಊಟ ಬಿಟ್ಟ ಪ್ರಾಣಿಗೆ ಅದಕ್ಕಿಂತ ಕೆಟ್ಟದ್ದು ಬೇರೆ ಬೇಕಾ? ಮೆಕ್ಕೆಜೋಳ ಜಾಸ್ತಿ ಇರುವ ಊಟಕ್ಕೆ ಲೈಸಿನ್ನೂ ಕೊರತೆಯಾಗುತ್ತದೆ, ಆದರೆ ಮೇಲೆ ಹೇಳಿದ ಸೋಯಾ ಸೇರಿಸಿದರೆ ಹೊದಿಕೆಯ ಲೈಸಿನ್ ಕೊಳ್ಳುವ ಅಗತ್ಯ ನಿಮಗೆ ಬರಲಾರದು.

ದುಡ್ಡಿನ ಮಾತನ್ನೂ ಆಡಿಬಿಡುತ್ತೇನೆ. ಹೊದಿಕೆಯ ಮೆಥಿಯೋನಿನ್ ಕೆಲಸ ಮಾಡಿದಾಗ ಸಾಮಾನ್ಯವಾಗಿ ಏರುವುದು ಹಾಲಿನ ಪ್ರೋಟೀನ್, ಕೆಲವೊಮ್ಮೆ ಜಿಡ್ಡು. ಲೀಟರ್ ಏರುವುದು ಕಡಿಮೆ. ನೀವು ಲೀಟರ್ ಲೆಕ್ಕದಲ್ಲಿ ಮನೆ ಮನೆಗೆ ಮಾರುವವರು, ಪ್ರೋಟೀನ್ ಏರಿದರೆ ಯಾರೂ ಒಂದು ರೂಪಾಯಿ ಜಾಸ್ತಿ ಕೊಡುವುದಿಲ್ಲ. ಚೀಸ್, ಪನೀರ್ ಮಾಡುವವರಿಗೆ ಅದೇ 12% ಇಳಿಕೆ ಅಂದರೆ ಬಾಣಲೆಯಲ್ಲೇ ಕಾಣುವ ನಷ್ಟ, ಅವರಿಗೆ ಈ ಖರ್ಚು ಗಿಟ್ಟಬಹುದು. ಪ್ರಯೋಗ ಮಾಡುವುದಾದರೆ ಆಡುಗಳನ್ನು ಹಾಲು, ಮರಿ ಹಾಕಿದ ತಿಂಗಳು ನೋಡಿ ಜೋಡಿ ಮಾಡಿ. ಜೋಡಿಯಲ್ಲಿ ಒಂದಕ್ಕೆ ಕೊಡಿ, ಇನ್ನೊಂದಕ್ಕೆ ಬೇಡ. ಮೂರು ವಾರ ಆದ ಮೇಲೆ ಅದಲು ಬದಲು ಮಾಡಿ. ಹಾಲನ್ನು ಅಂದಾಜಿನಲ್ಲಿ ಅಳೆಯಬೇಡಿ, ತಕ್ಕಡಿಯಲ್ಲಿ ತೂಗಿ. ಎಲ್ಲಕ್ಕೂ ಒಟ್ಟಿಗೆ ಕೊಟ್ಟರೆ ಜೂನ್‌ನಲ್ಲಿ ಮಳೆ ಬಂದು ತಂಪಾದಾಗ ಹಾಲು ಏರುತ್ತದೆ, ಅದು ಡಬ್ಬಿಯ ಗುಣ ಅಂದುಕೊಂಡುಬಿಡುತ್ತೀರಿ.

ಗಬ್ಬದ ಎರಡು ಆಡುಗಳ ಬಗ್ಗೆ. ಅವಕ್ಕೆ ಈಗ ಆ ಪುಡಿ ಬೇಡವೇ ಬೇಡ. ಹೊಟ್ಟೆಯೊಳಗೆ ಮರಿ ಬೆಳೆದು ರೂಮೆನ್‌ಗೆ ಜಾಗ ಕಡಿಮೆ, ಸೆಖೆಗೆ ಊಟವೂ ಕಡಿಮೆ, ಎರಡು ಮರಿ ಇದ್ದರಂತೂ ಶಕ್ತಿ ಸಾಲದೆ ಲಿವರ್‌ಗೆ ಕೊಬ್ಬು ಸೇರಿ ಮಂಕಾಗಿ ಮಲಗಿಬಿಡುತ್ತವೆ. ಒಂದು ಹೊತ್ತು ಊಟ ಬಿಟ್ಟರೂ ಅದೇ ದಿನ ಡಾಕ್ಟರನ್ನು ಕರೆಸಿ, ನಾಳೆಗೆ ಬಿಡಬೇಡಿ. ಮಂದೆಯಲ್ಲಿ ಅತಿ ತಂಪಾದ ಜಾಗ, ಒಳ್ಳೆಯ ಸೊಪ್ಪು, ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪ ಸ್ವಲ್ಪ ಮಿಶ್ರಣ, ಇದಿಷ್ಟು ಅವಕ್ಕೆ ಕೊಡಿ. ಹುಟ್ಟುವ ಮರಿಗಳಿಗೆ ಟಾನಿಕ್ ಯೋಚನೆಯೇ ಬೇಡ. ಮರಿ ಹಾಲು ಚೀಪುವಾಗ ಅದು ರೂಮೆನ್‌ಗೆ ಬೀಳದೆ ಒಂದು ತೋಡಿನಂಥ ದಾರಿಯಲ್ಲಿ ಸೀದಾ ಕೊನೆಯ ಹೊಟ್ಟೆಗೆ ಇಳಿಯುತ್ತದೆ, ತಾಯಿಹಾಲಿನ ಎಲ್ಲ ಅಮೈನೋ ಆಮ್ಲವೂ ಹೊದಿಕೆ ಇಲ್ಲದೆಯೇ ಅದಕ್ಕೆ ದಕ್ಕುತ್ತದೆ. ಮೊದಲ ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿ.

ಹದಿನಾಲ್ಕೂ ಆಡು ಮರಿ ಹಾಕಿದ ತಿಂಗಳು, ಒಂದೊಂದರ ಬೆಳಗಿನ ಮತ್ತು ಸಂಜೆಯ ಹಾಲು, ಮಧ್ಯಾಹ್ನ ಎರಡೂವರೆಯ ಉಸಿರಿನ ಲೆಕ್ಕ, ಇವನ್ನು ಒಂದು ವಾರ ಬರೆದು ಕಳಿಸಿ. ಸಿಂಧನೂರು, ಮಾನ್ವಿ ಕಡೆ ನಿಮಗೆ ಯಾವ ಯಾವ ಹಿಂಡಿ ಸಿಗುತ್ತದೆ, ಕೆ.ಜಿ.ಗೆ ಎಷ್ಟು ಅನ್ನೋದನ್ನೂ ಸೇರಿಸಿ. ಅದನ್ನು ನೋಡಿ ಮಿಶ್ರಣದ ಲೆಕ್ಕ ಹಾಕಿಕೊಡುತ್ತೇನೆ.